ಓ. ಕೆ. ಎಂಬ ಮಾತಿನ ಹುಟ್ಟೂ ಅರ್ಥಗಳೂ

ಈ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕವರ್ಗದ ಹುಡುಗಿಯರು ನಮ್ಮಲ್ಲಿಗೆ ಬಂದು ಕೇಳಿಕೊಂಡಾಗ, “ಆಗಲಿ” ಎಂದು ಹೇಳಬೇಕಾಗಿದ್ದ ನಮ್ಮ ಬಾಯಿಂದ “ಓ. ಕೆ.” ಎಂಬ ಮಾತು ಹೊರಬಿದ್ದಿತು. ಹುಡುಗಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಸೆರಗಿನಿಂದಲೂ ಕೈಗಳಿಂದಲೂ ಬಾಯಿ ಮುಚ್ಚಿಕೊಂಡರು. ಅವರು ನಕ್ಕದ್ದು ನ್ಯಾಯವೇ. ತರಗತಿಯಲ್ಲಿ ಆ ಮಾತನ್ನಾಡಿದವರನ್ನು ತಡೆದು, “ಕನ್ನಡದಲ್ಲಿ ಹೇಳು, ಇಲ್ಲವೆ ನೆಟ್ಟಗಿನ ಇಂಗ್ಲಿಷಿನಲ್ಲಿ ಹೇಳು” ಎಂದು ತಿದ್ದುತ್ತ ಬಂದವರು ನಾವೇ ಅಲ್ಲವೆ? ಆದುದರಿಂದ ಆ ಮಾತನ್ನೇ ಲೇಖನದ ವಿಷಯವನ್ನಾಗಿ ಮಾಡಿಕೊಳ್ಳುವೆವೆಂದು ಆಗಲೇ ಹೇಳಿದೆವು. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಈ ಮಾತಿನ ವಿಷಯದಲ್ಲಿ ನಾವು ಬಹು ಕಾಲದ ಹಿಂದೆ ಒಂದು ತರಗತಿಯ ಮುಂದೆ ಸುಳ್ಳನ್ನು ನಿಜವೆಂದು ಹೇಳಿದ್ದೆವು. ಆ ತರಗತಿಯ ಹುಡುಗಿಯರು ಈಗ ತಾಯಂದಿರಾಗಿದ್ದಾರೆ. ಅವರ ಕೈಗೂ ಈ ಸಂಚಿಕೆ ಸೇರುವುದಾದ್ದರಿಂದ ತಿದ್ದುಪಡಿಗೆ ಇದೇ ತಕ್ಕ ಸ್ಥಳವೆಂದು ಭಾವಿಸಿದ್ದೇವೆ.

ಅದು ಸುಮಾರು 20 ವರ್ಷಗಳ ಕೆಳಗಿನ ಮಾತು. ನಾವು ಅಧ್ಯಾಪನ ವೃತ್ತಿಗೆ ಹೊಸಬರು. 9ನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಓ. ಕೆ. ಎಂಬುದರ ಮೂಲವೇನೆಂದು ಕೇಳಿದಳು. ನಾವು ಕಿಂಚಿತ್ತಾದರೂ ಸಂಶಯಪಡದೆ, ಎಲ್ಲಿಯೋ ಕೇಳಿದ್ದ ಕಥೆಯನ್ನು ಹೇಳಿಬಿಟ್ಟೆವು. ಅಮೆರಿಕದ ಅಧ್ಯಕ್ಷರಾಗಿದ್ದ ಆಂಡ್ರೂ ಜ್ಯಾಕ್ಸನ್ ಎಂಬವರು ಓದುಬರಹ ನೆಟ್ಟಗೆ ಬಾರದವರೆಂದೂ, ಕಾಗದಪತ್ರಗಳ ಮೇಲೆ “ಆಲ್ ಕರೆಕ್ಟ್” ಅಂದರೆ “ಎಲ್ಲವೂ ಸರಿ” ಎಂದು ಬರೆಯಬೇಕಾದಾಗ ಕಿವಿಗೆ ಕೇಳಿಸಿದ ಹಾಗೆ ಬರೆಯುತ್ತಿದ್ದರೆಂದೂ, ಎ ಅಕ್ಷರದಿಂದ ಆರಂಭವಾಗಬೇಕಾದ ಮೊದಲನೆಯ ಶಬ್ದವನ್ನು ಓ ಅಕ್ಷರದಿಂದಲೂ, ಸಿ ಅಕ್ಷರದಿಂದ ಆರಂಭವಾಗಬೇಕಾದ ಎರಡನೆಯದನ್ನು ಕೆ ಅಕ್ಷರದಿಂದಲೂ ಬರೆದು, ಅದನ್ನೇ ಸಂಕ್ಷೇಪಿಸಿ ಓ. ಕೆ. ಎಂದು ಗುರುತು ಹಾಕುತ್ತಿದ್ದರೆಂದೂ ಆ ಕಥೆ. ತರಗತಿಯೆಲ್ಲವೂ ಗೊಳ್ಳೆಂದು ನಕ್ಕಿತು. ಒಬ್ಬಳು ಮಾತ್ರ ನಗಲಿಲ್ಲ. ಅವಳು ತನ್ನ ಮನೆತನದಲ್ಲಿ ಶಾಲೆಯ ಮೆಟ್ಟಲು ಹತ್ತಿದವರಲ್ಲಿ ಮೊದಲನೆಯವಳು. ಅವಳ ಪುಸ್ತಕದಲ್ಲಿ “ಎಲ್ಲ” ಎಂಬುದು “ಯಲ್ಲ” ಎಂದೂ, “ಹಾಲು” ಎಂಬುದು “ಆಲು” ಎಂದೂ ಇರುತ್ತಿದ್ದು, ನಮ್ಮ ಕೆಂಪು ಶಾಯಿಯು ಅಲ್ಲಿ ಧಾರಾಳವಾಗಿ ಖರ್ಚಾಗುತ್ತಿದ್ದಿತು. ಸಂಜೆ ಗಂಟೆಯಾದ ಮೇಲೆ ಆಕೆ ನಮ್ಮ ಮೇಜಿನ ಬಳಿಗೆ ಬಂದು, “ಟೀಚರೇ, ಅವರಿಗೆ ಚಿಕ್ಕಂದಿನಲ್ಲಿ ಹೇಳಿಕೊಡುವವರು ಯಾರೂ ಇರಲಿಲ್ಲವೆ?” ಎಂದು ಕೇಳಿದಳು. ನಾವು ಏನು ಉತ್ತರ ಕೊಟ್ಟೆವೆಂಬುದು ನೆನಪಿಲ್ಲ. ಆ ಪ್ರಶ್ನೆಯು ಮಾತ್ರ ನೆನಪಿದೆ.

ಈಗ ನಿಜವಾದ ಸಂಗತಿಗೆ ಬರೋಣ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಬಾಸ್ಟನ್ ಪಟ್ಟಣದಲ್ಲಿ 1838ನೆಯ ಇಸವಿಯ ಬೇಸಗೆಯಲ್ಲಿ ವರ್ತಮಾನ ಪತ್ರಿಕೆಯವರಿಗೆ ಒಂದು ವಿಚಿತ್ರವಾದ ಹುಚ್ಚು ಹಿಡಿಯಿತು. ನಾಲ್ಕಾರು ಶಬ್ದಗಳ ಮಾತುಗಳನ್ನು ಪೂರ್ತಿಯಾಗಿ ಬರೆಯದೆ ಅವುಗಳ ಮೊದಲ ಅಕ್ಷರಗಳನ್ನಷ್ಟೇ ಅಚ್ಚು ಹಾಕಿ, ಓದುವವರು ತಲೆ ಕೆರೆದುಕೊಳ್ಳುವಂತೆ ಮಾಡುವುದೇ ಆ ವಿನೋದ. ಇದು ಹಳೆಯದಾಗುತ್ತ ಬಂದಂತೆ ಅದರ ಮೇಲೆ ಇನ್ನೊಂದು ಕುಚೋದ್ಯವನ್ನು ಹೇರಿದರು. ಮೊದಲು ಶಬ್ದವನ್ನು ಬೇಕೆಂದೇ ತಪ್ಪಾಗಿ, ಓದು ಬಾರದವರು ಬರೆಯುವರೆಂದು ತಾವು ಊಹಿಸಿದಂತೆ ಬರೆಯುವುದು. ಆಮೇಲೆ ಆ ತಪ್ಪಿನ ಮೊದಲ ಅಕ್ಷರಗಳನ್ನು ತೆಗೆದುಕೊಳ್ಳುವುದು. “ಆಲ್ ರೈಟ್” ಎಂಬುದಕ್ಕೆ ಎ. ಆರ್. ಎಂದಾಗದೆ ಓ. ಡಬ್ಲ್ಯೂ. ಎಂದಾಯಿತು. “ಆಲ್ ಕರೆಕ್ಟ್” ಎಂಬುದಕ್ಕೆ ಎ. ಸಿ. ಎಂದಾಗದೆ ಓ. ಕೆ. ಎಂದಾಯಿತು. ಕನ್ನಡದಲ್ಲಿ ಹೇಳುವುದಾದರೆ, “ಎಲ್ಲ ಸರಿ” ಎಂಬುದನ್ನು ಹಾಸ್ಯಕ್ಕಾಗಿ “ಯಲ್ಲ ಶರಿ” ಎಂದು ಬರೆದು, ಆ ಬಳಿಕ ಅದನ್ನು “ಯ. ಶ.” ಎಂದು ಕುಗ್ಗಿಸಿದಂತೆ.

ಈ ಓ. ಕೆ. ಅಚ್ಚಿನಲ್ಲಿ ಮೊತ್ತಮೊದಲು ಕಾಣಿಸಿಕೊಂಡದ್ದು 1839ನೆಯ ಇಸವಿ ಮಾರ್ಚ್ 23ನೆಯ ತಾರೀಖಿನ “ಬಾಸ್ಟನ್ ಮಾರ್ನಿಂಗ್ ಪೋಸ್ಟ್” ಪತ್ರಿಕೆಯ ಎರಡನೆಯ ಪುಟದಲ್ಲಿ. ಚಾರ್ಲ್ಸ್ ಗಾರ್ಡನ್ ಗ್ರೀನ್ ಎಂಬವರು ಅದರ ಸಂಪಾದಕರು. ಗಂಟೆ ಬಾರಿಸುವುದರ ವಿರೋಧಿಗಳ ಸಂಘವೆಂಬುದಾಗಿ ಅರ್ಧ ತಮಾಷೆಗಾಗಿಯೇ ಕಟ್ಟಿಕೊಂಡ ಒಂದು ಕೂಟದ ಸದಸ್ಯರು ನ್ಯೂಯಾರ್ಕಿಗೆ ಪ್ರಯಾಣ ಮಾಡಿದುದರ ವಿಷಯವಾಗಿ ನೆರೆಯ ಪ್ರಾವಿಡೆನ್ಸ್ ಪಟ್ಟಣದ ಪತ್ರಿಕೆಯೊಡನೆ ನಡೆದ ಪರಿಹಾಸ್ಯದ ನಡುವೆ ಆ ಎರಡು ಅಕ್ಷರಗಳು ಬಂದಿವೆ. ಅವುಗಳ ಪಕ್ಕದಲ್ಲಿಯೇ ಅರ್ಥವನ್ನೂ ಬಿಡಿಸಿ ಬರೆದಿದ್ದಾರೆ. ಅರ್ಥವನ್ನು ಬಿಡಿಸಿ ಹೇಳಬೇಕಾದಷ್ಟು ಅದು ಹೊಸದಾಗಿದ್ದಿತೆಂಬುದು ಇದರಿಂದ ತಿಳಿದುಬರುತ್ತದೆ. ನಮಗೆ ಈ ಸಂಗತಿಯಲ್ಲಿ ಆಶ್ಚರ್ಯಕರವಾಗಿ ತೋರುವುದೇನೆಂದರೆ, ಇಂದು ಭೂಮಂಡಲದ ಮೇಲೆ ಅತ್ಯಂತ ಹೆಚ್ಚಾಗಿ ಕೇಳಿಬರುವ ಮಾತುಗಳಲ್ಲಿ ಒಂದೆಂದು ಎಣಿಸಲ್ಪಡುವ ಈ ಮಾತಿನ ಜನನವು, ಯಾರೂ ಎರಡನೆಯ ಸಲ ಓದಲಾರದಂಥ ಒಂದು ಹರಟೆಯ ಸಾಲಿನಲ್ಲಿ ಆಯಿತೆಂಬುದೇ.

ಅಂಥ ಅಕ್ಷರದ ಆಟಗಳು ಆ ವರ್ಷ ಹಲವು ಹುಟ್ಟಿದುವು. ಅವುಗಳಲ್ಲಿ ಬಹುಪಾಲು ಅಲ್ಲಿಯೇ ಅಳಿದುಹೋದುವು. ಓ. ಕೆ. ಮಾತ್ರ ಉಳಿದುಕೊಂಡುದಕ್ಕೆ ಕಾರಣ ಒಂದು ಚುನಾವಣೆ.

1840ನೆಯ ಇಸವಿಯಲ್ಲಿ ಮಾರ್ಟಿನ್ ವ್ಯಾನ್ ಬ್ಯೂರೆನ್ ಎಂಬವರು ಎರಡನೆಯ ಸಲ ಅಧ್ಯಕ್ಷ ಪದವಿಗೆ ನಿಂತರು. ಇವರು ನ್ಯೂಯಾರ್ಕ್ ಸಂಸ್ಥಾನದ ಕಿಂಡರ್‌ಹುಕ್ ಎಂಬ ಹಳ್ಳಿಯಲ್ಲಿ 1782ರಲ್ಲಿ ಹುಟ್ಟಿದವರು. ಡಚ್ ಮನೆತನದವರು, ಮನೆಮಾತು ಡಚ್ ಭಾಷೆ. ಅಮೆರಿಕದ ಅಧ್ಯಕ್ಷರೆಲ್ಲರಲ್ಲಿ ಇಂಗ್ಲಿಷು ತಾಯಿನುಡಿಯಲ್ಲದವರು ಇವರೊಬ್ಬರೇ ಎಂದು ಹೇಳುವರು. ಹುಟ್ಟೂರಿನಿಂದಾಗಿ ಇವರಿಗೆ “ಓಲ್ಡ್ ಕಿಂಡರ್‌ಹುಕ್” ಅಂದರೆ ಕಿಂಡರ್‌ಹುಕ್ಕಿನ ಹಿರಿಯ ಎಂಬ ಅಡ್ಡಹೆಸರು ಬಂದಿತ್ತು. ಅದರ ಮೊದಲ ಅಕ್ಷರಗಳೂ ಓ, ಕೆ ಎಂಬುದನ್ನು ಕಂಡ ಅವರ ಪಕ್ಷದವರು ನ್ಯೂಯಾರ್ಕ್ ಪಟ್ಟಣದಲ್ಲಿ ಆ ವರ್ಷದ ಮಾರ್ಚ್ ತಿಂಗಳಲ್ಲಿ ಓ. ಕೆ. ಕ್ಲಬ್ ಎಂಬ ಸಂಘವನ್ನು ಸ್ಥಾಪಿಸಿದರು. “ನಮ್ಮ ಕಿಂಡರ್‌ಹುಕ್ಕಿನವರೇ ಸರಿ” ಎಂಬ ಎರಡು ಅರ್ಥಗಳು ಎರಡೇ ಅಕ್ಷರಗಳಲ್ಲಿ ಅಡಗಿಕೊಂಡುವು. ಎದುರು ಪಕ್ಷದವರಾದ ವ್ಹಿಗ್ ಜನರು ಸುಮ್ಮನಿರುವರೆ? 1837ರ ಹಣಕಾಸಿನ ಮುಗ್ಗಟ್ಟಿನಿಂದ ಜನರು ಕಷ್ಟಪಟ್ಟಿದ್ದರು. ಆದುದರಿಂದ ಅವರು ಅದೇ ಅಕ್ಷರಗಳಿಗೆ “ಕೈಯಲ್ಲಿ ಕಾಸಿಲ್ಲ” ಎಂಬರ್ಥ ಬರುವಂತೆಯೂ, “ಕಿಂಡರ್‌ಹುಕ್ಕಿಗೆ ಹೊರಟುಹೋಗು” ಎಂಬರ್ಥ ಬರುವಂತೆಯೂ ಹೊಸ ಹೊಸ ವಿವರಣೆಗಳನ್ನು ಕಟ್ಟಿದರು. ವ್ಯಾನ್ ಬ್ಯೂರೆನರು ಸೋತು ಊರಿಗೆ ಹೋದರು. ಗೆದ್ದ ವಿಲಿಯಂ ಹೆನ್ರಿ ಹ್ಯಾರಿಸನರು ಅಧಿಕಾರ ವಹಿಸಿಕೊಂಡ ಒಂದು ತಿಂಗಳಲ್ಲಿಯೇ, 1841ನೆಯ ಏಪ್ರಿಲ್ 4ರಂದು ತೀರಿಕೊಂಡರು. ಸೋತವರಿಗೂ ಗೆದ್ದವರಿಗೂ ದಕ್ಕದೆ ಹೋದ ಆ ಚುನಾವಣೆಯಲ್ಲಿ ನಿಜವಾಗಿ ಗೆದ್ದುದು ಓ. ಕೆ. ಎಂದರೆ ಅತಿಶಯೋಕ್ತಿಯಾಗದು.

ಹಾಗಾದರೆ ಜ್ಯಾಕ್ಸನರ ಕಥೆ ಎಲ್ಲಿಂದ ಬಂದಿತು? ವ್ಯಾನ್ ಬ್ಯೂರೆನರು ಜ್ಯಾಕ್ಸನರ ಕೈಕೆಳಗೆ ಉಪಾಧ್ಯಕ್ಷರಾಗಿದ್ದು ಅವರ ಬೆಂಬಲದಿಂದಲೇ ಮೇಲೆ ಬಂದವರು. ಶಿಷ್ಯನನ್ನು ಹಳಿಯಲು ಗುರುವನ್ನು ಹಳಿಯುವುದು ಸುಲಭೋಪಾಯವಲ್ಲವೆ? ಆ 1840ರ ಚುನಾವಣೆಯ ಗದ್ದಲದಲ್ಲಿಯೇ, ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ, ಓ. ಕೆ. ಎಂಬುದು ಜ್ಯಾಕ್ಸನರ ತಪ್ಪುಬರಹವೆಂಬ ಕಟ್ಟುಕಥೆಯು ಮೊದಲು ತಲೆಯೆತ್ತಿತು. ಅಂದರೆ ನಾವು ಪಾಠದಂತೆ ಹೇಳಿದ್ದು ಎದುರು ಪಕ್ಷದವರ ಅಪಹಾಸ್ಯವನ್ನೇ ಹೊರತು ಚರಿತ್ರೆಯನ್ನಲ್ಲ.

ಆ ಹುಡುಗಿಯ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಕೊಡುತ್ತೇವೆ. ಜ್ಯಾಕ್ಸನರು 1767ರಲ್ಲಿ ಹುಟ್ಟುವ ಮೊದಲೇ ತಂದೆಯು ತೀರಿಹೋಗಿದ್ದನು. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, 1781ರಲ್ಲಿ, ಸೆರೆಸಿಕ್ಕ ರೋಗಿಗಳ ಶುಶ್ರೂಷೆಗೆ ಹೋದ ತಾಯಿಯು ರೋಗ ತಗಲಿ ಮಡಿದಳು. ಅಣ್ಣಂದಿರಿಬ್ಬರೂ ಅದೇ ಯುದ್ಧದ ದೆಸೆಯಿಂದ ಸತ್ತರು. 14 ವರ್ಷದ ಬಾಲಕನು ಒಂಟಿಯಾಗಿ ಉಳಿದನು. ಹೀಗೆ ಹೇಳಿಕೊಡುವವರಿಲ್ಲದೆ ಬೆಳೆದರೂ ಆತನು ಕಾನೂನನ್ನು ಓದಿ 1787ರಲ್ಲಿ ವಕೀಲನಾದನು, ಆಮೇಲೆ ನ್ಯಾಯಾಧೀಶನೂ ಆದನು. ಅವರ ಅಕ್ಷರಜೋಡಣೆ ಎಲ್ಲೆಡೆಯಲ್ಲಿಯೂ ಶುದ್ಧವಾಗಿರಲಿಲ್ಲವೆಂಬುದು ದಿಟ. ಆದರೆ ಅವರು ಓ. ಕೆ. ಎಂದು ಬರೆದುದಕ್ಕೆ ಆಧಾರವಿಲ್ಲ. ಹಾಗೆಂದು ಅವರನ್ನು ಮಹಾತ್ಮರೆಂದು ಹೊಗಳಲು ನಾವು ಹೊರಟಿಲ್ಲ. ಅವರು ಗುಲಾಮರನ್ನಿಟ್ಟುಕೊಂಡಿದ್ದವರು, ಅವರ ಕೈಯಿಂದಾದ ದೊಡ್ಡ ಅನ್ಯಾಯವನ್ನು ಮುಂದೆ ಹೇಳಬೇಕಾಗಿದೆ. ಆದರೆ ಮನುಷ್ಯನನ್ನು ಅವನು ಮಾಡಿದ ಅನ್ಯಾಯಕ್ಕಾಗಿ ಖಂಡಿಸುವುದು ಬೇರೆ, ಅವನಿಗೆ ಸಿಕ್ಕದೆ ಹೋದ ವಿದ್ಯೆಗಾಗಿ ನಗುವುದು ಬೇರೆ.

ಈ ಕಥೆಗೆ ಪುರಾವೆಯೆಂದು ಟೆನೆಸಿ ಪ್ರಾಂತದ ಒಂದು ನ್ಯಾಯಾಲಯದ 1790ನೆಯ ಅಕ್ಟೋಬರ್ 6ನೆಯ ತಾರೀಖಿನ ದಾಖಲೆಯನ್ನು ತೋರಿಸುವವರುಂಟು. ಜ್ಯಾಕ್ಸನರು ಹಾಜರುಪಡಿಸಿದ ಒಂದು ಕ್ರಯಪತ್ರದ ಮೇಲೆ ಅಲ್ಲಿ ಓ. ಕೆ. ಎಂದು ಬರೆದಿರುವಂತೆ ತೋರುತ್ತದೆ. ಚೆನ್ನಾಗಿ ಪರೀಕ್ಷಿಸಿ ನೋಡಿದರೆ ಅದು ಓ. ಆರ್. ಆಗಿದೆ, “ದಾಖಲಿಸಲು ಆಜ್ಞೆಯಾಯಿತು” ಎಂಬ ಕಚೇರಿಯ ಮಾಮೂಲು ಸಂಕ್ಷೇಪ. ಗುಮಾಸ್ತರ ಆರ್ ಅಕ್ಷರದ ಬಾಲವು ವಕ್ರವಾದುದರಿಂದ ಅದು ಕೆ ಆಗಿ ಕಾಣಿಸಿತು. ನಮ್ಮ ಹುಡುಗಿಯರಿಗೆ ದುಂಡಗೆ ಬರೆಯಿರೆಂದು ನಾವು ಏಕೆ ಕಾಡುತ್ತೇವೆಂಬುದು ಇದರಿಂದಲಾದರೂ ತಿಳಿಯಲಿ.

ಇನ್ನೊಂದು ವಾದವು ನಮಗೆ ಬಹಳ ಹಿಡಿಸಿದ್ದಿತೆಂದು ಒಪ್ಪಿಕೊಳ್ಳಬೇಕು. ಅಮೆರಿಕದ ಮೂಲನಿವಾಸಿಗಳಲ್ಲಿ ಚಾಕ್ಟಾ ಎಂಬ ಜನಾಂಗವುಂಟು. ಅವರ ಭಾಷೆಯಲ್ಲಿ ವಾಕ್ಯದ ಕೊನೆಯಲ್ಲಿ “ಓಕೆ” ಎಂಬಂತೆ ಕೇಳಿಸುವ ಒಂದು ಶಬ್ದವು ಬರುವುದಾಗಿಯೂ, ಅದಕ್ಕೆ “ಇದು ಹೀಗೆಯೇ, ಬೇರೆಯಲ್ಲ” ಎಂಬ ಅರ್ಥವಿರುವುದಾಗಿಯೂ ತಿಳಿಯುತ್ತದೆ. ಅವರ ನಡುವೆ ಹಲವು ವರ್ಷ ಬಾಳಿದ ಸೈರಸ್ ಬೈಯಿಂಗ್ಟನ್ ಎಂಬ ಮಿಶನರಿಯವರು ಆ ಭಾಷೆಗೆ ಲಿಪಿಯ ರೂಪವನ್ನು ಕೊಟ್ಟು, ವೇದಭಾಗಗಳನ್ನು ತರ್ಜುಮೆ ಮಾಡಿ, ಒಂದು ನಿಘಂಟನ್ನೂ ಸಿದ್ಧಪಡಿಸಿದರು. ಅವರು 1868ರಲ್ಲಿ ತೀರಿಕೊಂಡರು. ನಿಘಂಟು ಅಚ್ಚಾದುದು 1915ರಲ್ಲಿ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟನ್ನು ಮೇಜಿನ ಮೇಲಿಟ್ಟುಕೊಂಡು ಬೆಳೆದ ನಮಗೆ, ಒಬ್ಬ ಮಿಶನರಿಯ ನಿಘಂಟಿನಿಂದ ಜಗತ್ತಿನ ಮಾತೊಂದು ಹೊರಟಿತೆಂದರೆ ಹೆಮ್ಮೆಯಾಗದೆ ಇದ್ದೀತೆ? ಅಧ್ಯಕ್ಷ ವುಡ್ರೋ ವಿಲ್ಸನ್ನರು ಕೂಡ ಇದನ್ನೇ ನಂಬಿ, ಕಾಗದಗಳ ಮೇಲೆ ಓ. ಕೆ. ಎಂಬ ಎರಡು ಅಕ್ಷರಗಳ ಬದಲಾಗಿ ಚಾಕ್ಟಾ ರೀತಿಯಲ್ಲಿ ನಾಲ್ಕು ಅಕ್ಷರಗಳ ಶಬ್ದವನ್ನು ಬರೆಯುತ್ತಿದ್ದರು. ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಪಂಡಿತರು. ಪಂಡಿತರೂ ತಪ್ಪುವರೆಂಬ ಸಮಾಧಾನ ನಮಗಿದೆ.

ಹೆಮ್ಮೆ ಬೇರೆ, ಆಧಾರ ಬೇರೆ. ಚಾಕ್ಟಾ ಶಬ್ದದಿಂದ ಬಾಸ್ಟನ್ ಪತ್ರಿಕೆಗೆ ದಾರಿಯನ್ನು ತೋರಿಸುವ ಒಂದು ಕಾಗದವೂ ಸಿಕ್ಕಿಲ್ಲ. ಬಾಸ್ಟನ್ನಿನವರು ತಮ್ಮ ಅಕ್ಷರಗಳಿಗೆ ಕೊಟ್ಟ ಅರ್ಥವಾದರೋ ಪಕ್ಕದಲ್ಲಿಯೇ ಅಚ್ಚಾಗಿ ನಿಂತಿದೆ. ಆದರೆ ಆ ಜನಾಂಗದ ಹೆಸರು ಬಂದುದರಿಂದ ಇಷ್ಟನ್ನು ಹೇಳದೆ ಮುಂದೆ ಹೋಗಲಾರೆವು. 1830ರಲ್ಲಿ ಇದೇ ಜ್ಯಾಕ್ಸನರು ಸಹಿ ಮಾಡಿದ ಶಾಸನದ ಬಲದಿಂದ ಚಾಕ್ಟಾ ಜನರನ್ನು ಮಿಸಿಸಿಪ್ಪಿ ಪ್ರಾಂತದ ಅವರ ಪೂರ್ವಿಕರ ನೆಲದಿಂದ ಹೊರಡಿಸಿ, 1831ರಿಂದ 1833ರ ವರೆಗೆ ತಂಡತಂಡವಾಗಿ ಪಶ್ಚಿಮಕ್ಕೆ ಸಾಗಿಸಿದರು. ಚಳಿಯಿಂದಲೂ ಹಸಿವೆಯಿಂದಲೂ ಕಾಲರಾ ರೋಗದಿಂದಲೂ ಸಾವಿರಾರು ಮಂದಿ ದಾರಿಯಲ್ಲಿಯೇ ಸತ್ತರು. ಹಾಸ್ಯದ ಒಂದು ಶಬ್ದಕ್ಕೆ ಜ್ಯಾಕ್ಸನರ ಹೆಸರನ್ನು ಅಂಟಿಸಿ ನಕ್ಕವರಲ್ಲಿ ಎಷ್ಟು ಮಂದಿ ಈ ಸಂಗತಿಯನ್ನು ನೆನೆದರೋ ನಾವರಿಯೆವು. ನಾವಂತೂ ಆ ದಿನ ನೆನೆಯಲಿಲ್ಲ.

ಉಳಿದ ಊಹೆಗಳನ್ನು ಬೇಗನೆ ಮುಗಿಸಬಹುದು. ಗ್ರೀಕ್ ಭಾಷೆಯಲ್ಲಿ “ಎಲ್ಲವೂ ಚೆನ್ನ” ಎಂಬುದಕ್ಕೆ “ಓಲಾ ಕಲಾ” ಎನ್ನುವುದರಿಂದ ಅದೇ ಮೂಲವೆಂದು ಗ್ರೀಕರೂ, “ಆಖ್ ಐ” ಎಂಬ ತಮ್ಮ ನುಡಿಯೇ ಮೂಲವೆಂದು ಸ್ಕಾಟರೂ, ಹೈಟಿ ದ್ವೀಪದ ಓ ಕಾಯ್ ಎಂಬ ರೇವಿನ ಹೆಸರೆಂದು ಮತ್ತೆ ಕೆಲವರೂ ಹೇಳುವುದುಂಟು. ಇವುಗಳಿಗೆ ಕಿವಿಯ ಸಾಕ್ಷಿಯ ಹೊರತು ಬೇರೆ ಸಾಕ್ಷಿಯಿಲ್ಲ. ಎರಡು ಅಕ್ಷರಗಳ ಮಾತಿಗೆ ಜಗತ್ತಿನ ಯಾವ ಭಾಷೆಯಲ್ಲಿಯೂ ಹೋಲಿಕೆ ಸಿಕ್ಕಬಹುದು. ಕನ್ನಡದಲ್ಲಿ ಕರೆದವರಿಗೆ “ಓ” ಎಂದು ಓಗೊಡುತ್ತೇವಾದ್ದರಿಂದ ಇದು ನಮ್ಮದೇ ಎಂದು ನಾಳೆ ಯಾರಾದರೂ ವಾದಿಸಿಯಾರು! ಪಶ್ಚಿಮ ಆಫ್ರಿಕದ ವೊಲೊಫ್ ಮುಂತಾದ ಭಾಷೆಗಳಲ್ಲಿ “ಹೌದು” ಎಂಬರ್ಥದ, ಇದಕ್ಕೆ ಹೋಲುವ ಮಾತುಗಳಿದ್ದು, ಗುಲಾಮರಾಗಿ ಒಯ್ಯಲ್ಪಟ್ಟವರೇ ಇದನ್ನು ಅಮೆರಿಕಕ್ಕೆ ತಂದಿರಬಹುದೆಂದು ಲಂಡನ್ನಿನ ಡೇವಿಡ್ ಡಾಲ್ಬಿ ಎಂಬ ವಿದ್ವಾಂಸರು ವಾದಿಸಿದರು. ಇದನ್ನು ಮಾತ್ರ ನಾವು ನಗುತ್ತ ತಳ್ಳಿಹಾಕಲಾರೆವು. ಗುಲಾಮರ ಮಾತನ್ನು ಬರೆದಿಡುವ ಪತ್ರಿಕೆಗಳು ಆಗ ಎಲ್ಲಿದ್ದುವು? ಆದರೂ ಬರಹದ ಆಧಾರವು ಬಾಸ್ಟನ್ನಿನ ಕಡೆಗೇ ಬೆರಳು ತೋರಿಸುತ್ತದೆ. ಇಂದಿನ ದೊಡ್ಡ ನಿಘಂಟುಗಳು ಅದನ್ನೇ ಅನುಸರಿಸುತ್ತವೆ.

ಈ ಗಂಟನ್ನು ಬಿಡಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಅಲೆನ್ ವಾಕರ್ ರೀಡ್ ಅವರು. ಅವರ ನಡೆಯಲ್ಲಿ ಅಧ್ಯಾಪಿಕೆಯರು ಕಲಿಯಬೇಕಾದುದೊಂದಿದೆ. 1941ರಲ್ಲಿ ಅವರು 1840ರ ಓ. ಕೆ. ಕ್ಲಬ್ಬನ್ನು ಕಂಡುಹಿಡಿದು, ಮೂಲವು ಅದೇ ಎಂದು ಲೇಖನ ಬರೆದರು. ಲೋಕವು ಮೆಚ್ಚಿಕೊಂಡಿತು. ಅವರು ಅಷ್ಟಕ್ಕೆ ಬಿಡದೆ ಹಳೆಯ ಪತ್ರಿಕೆಗಳ ಪುಟಗಳನ್ನು ಇನ್ನೂ ತಿರುವುತ್ತ ಹೋಗಿ, ಅದಕ್ಕೂ ಒಂದು ವರ್ಷ ಹಿಂದಿನ ಬಾಸ್ಟನ್ ಸಾಲನ್ನು ಕಂಡು, 1963 ಮತ್ತು 1964ರಲ್ಲಿ “ಅಮೆರಿಕನ್ ಸ್ಪೀಚ್” ಎಂಬ ಪತ್ರಿಕೆಯಲ್ಲಿ ಲೇಖನಮಾಲೆಯನ್ನೇ ಪ್ರಕಟಿಸಿ, ತಮ್ಮ ಹಿಂದಿನ ತೀರ್ಮಾನವನ್ನು ತಾವೇ ತಿದ್ದಿದರು. ಅವರು 2002ರಲ್ಲಿ, 96ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ನಮಗೆ ಈ ವಿಷಯ ಗೊತ್ತಾದುದು ಬಹಳ ತಡವಾಗಿ. ಆಗ ಆ 9ನೆಯ ತರಗತಿಯು ಶಾಲೆ ಬಿಟ್ಟು ಹೋಗಿ ಎಷ್ಟೋ ವರ್ಷಗಳಾಗಿದ್ದುವು.

ಚುನಾವಣೆಯ ಬಳಿಕ ಈ ಮಾತನ್ನು ಸಾಕಿ ಬೆಳೆಸಿದುದು ತಂತಿ. ಮೋರ್ಸ್ ಅವರ ತಂತಿಯು 1844ರಲ್ಲಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸಂದೇಶವನ್ನು ಸಾಗಿಸಿದ ಮೇಲೆ ತಂತಿ ಕಚೇರಿಗಳು ನಾಡೆಲ್ಲ ಹರಡಿದುವು. ಸಂದೇಶವು ತಪ್ಪಿಲ್ಲದೆ ಮುಟ್ಟಿತೆಂದು ತಿಳಿಸಲು ತಂತಿಯವರಿಗೆ ಚಿಕ್ಕದೊಂದು ಗುರುತು ಬೇಕಾಗಿದ್ದಿತು. ಎರಡು ಅಕ್ಷರಗಳಿಗಿಂತ ಅನುಕೂಲವಾದುದು ಇನ್ನೇನು? ರೈಲು ಇಲಾಖೆಯವರೂ ಸರಕಿನ ತನಿಖೆಗಾರರೂ ಅದನ್ನು ಹಿಡಿದುಕೊಂಡರು. ಹಾಸ್ಯವು ಅಳಿಯಿತು, ಉಪಯೋಗವು ಉಳಿಯಿತು.

ಆದರೂ ಶಿಷ್ಟಜನರ ಲೇಖನಿಯು ಬಹು ಕಾಲ ಇದಕ್ಕೆ ಮೀಸಲು ಹಿಡಿಯಿತು. ನಮ್ಮ ವಾಚನಾಲಯದ “ಲಿಟಲ್ ವಿಮೆನ್” ಪುಸ್ತಕವನ್ನು ಓದಿದ ಹುಡುಗಿಯರಿಗೆ ಒಂದು ಸ್ವಾರಸ್ಯವನ್ನು ಹೇಳುತ್ತೇವೆ. ಅದರ ಎರಡನೆಯ ಭಾಗವು 1869ರಲ್ಲಿ ಅಚ್ಚಾದಾಗ, ಕಿರಿಯ ತಂಗಿ ಏಮಿಯು ಯುರೋಪಿನಿಂದ ಮನೆಗೆ ಬರೆದ ಕಾಗದದಲ್ಲಿ, ತಾನು ಸಿರಿವಂತನನ್ನು ಮದುವೆಯಾಗಿ ಮನೆಯವರಿಗೆಲ್ಲ ಅನುಕೂಲ ಮಾಡಿಕೊಡುವೆನೆಂದು ಹೇಳುವಲ್ಲಿ ಲೂಯಿಸಾ ಮೇ ಆಲ್ಕಾಟ್ ಅವರು ಓ. ಕೆ. ಎಂಬ ಮಾತನ್ನು ಹಾಕಿದ್ದರು. 1880ರ ಪರಿಷ್ಕೃತ ಮುದ್ರಣದಲ್ಲಿ ಅದನ್ನು ತೆಗೆದು, ಬೆಚ್ಚಗೆ ಹಾಯಾಗಿರುವುದೆಂಬ ಅರ್ಥದ ಬೇರೊಂದು ಶಬ್ದವನ್ನು ಇಟ್ಟರು. ಹುಡುಗಿಯರ ಬಾಯಲ್ಲಿ ಆ ಮಾತು ಒರಟೆಂದು ಯಾರಿಗೋ ತೋರಿರಬೇಕು. ನಮಗೇನೋ ಮೊದಲಿನದೇ ಏಮಿಗೆ ಒಪ್ಪುವ ಮಾತೆಂದು ತೋರುತ್ತದೆ. ಕಾಗದವು ತಂಗಿಯದು, ಅಧ್ಯಾಪಿಕೆಯದಲ್ಲ.

ಇನ್ನು ಅರ್ಥಗಳು. ಮೊದಲನೆಯ ಅರ್ಥವು “ತಪ್ಪಿಲ್ಲ, ಸರಿಯಾಗಿದೆ” ಎಂಬುದು. ಅದರಿಂದ “ಒಪ್ಪಿದೆ” ಎಂಬುದೂ, ಮೇಲಧಿಕಾರಿಗಳ ಮಂಜೂರಾತಿ ಎಂಬುದೂ ಹುಟ್ಟಿದುವು. ಮುಂದೆ “ಕ್ಷೇಮವಾಗಿದ್ದೇನೆ” ಎಂದಾಯಿತು. ಆಮೇಲೆ ಅದು ಸ್ವಲ್ಪ ಇಳಿದು, “ಅಂಥ ಚೆನ್ನಾಗಿಯೇನೂ ಇಲ್ಲ, ಪರವಾಗಿಲ್ಲ” ಎಂಬ ಅರೆಮನಸ್ಸಿನ ಮೆಚ್ಚಿಕೆಯಾಯಿತು. ಭಾಷಣಕಾರರು ಒಂದು ವಿಷಯವನ್ನು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಉಸಿರೆಳೆದುಕೊಳ್ಳುವುದಕ್ಕೂ ಅದೇ ಸಾಕಾಯಿತು. 1961ನೆಯ ಮೇ 5ರಂದು ಅಲನ್ ಶೆಪರ್ಡ್ ಎಂಬ ಅಮೆರಿಕದವರು ಅಂತರಿಕ್ಷಕ್ಕೆ ಹೋಗಿಬಂದಾಗ, ನೆಲದ ಮೇಲಿದ್ದ ವಕ್ತಾರರು ಅದಕ್ಕೆ ಮುಂದೆ ಎ ಅಕ್ಷರವನ್ನು ಸೇರಿಸಿ “ಎ-ಓ. ಕೆ.” ಎಂದು ಸಾರಿದರು, ಶೆಪರ್ಡರು ಹಾಗೆ ಹೇಳಿಯೇ ಇರಲಿಲ್ಲವಂತೆ. ಈಗಿನ ಹುಡುಗಿಯರು ಕೈಫೋನಿನಲ್ಲಿ ಓ ಅಕ್ಷರವನ್ನೂ ಬಿಟ್ಟು ಬರಿಯ ಕೆ ಎಂದು ಬರೆದರೆ ಅದು ಮುನಿಸಿನ ಗುರುತೆಂದು ನಮ್ಮ ಶಾಲಾನಾಯಕಿ ನಮಗೆ ತಿಳಿಸಿದ್ದಾಳೆ.

ಇಷ್ಟೆಲ್ಲ ಅರ್ಥಗಳಿದ್ದರೂ ಈ ಮಾತಿನಲ್ಲಿ ಒಂದು ಕೊರತೆಯುಂಟು. ಅದು ಒಪ್ಪಿದೆನೆಂದು ತಿಳಿಸುತ್ತದೆಯೇ ಹೊರತು ಹೇಗೆ ಒಪ್ಪಿದೆನೆಂದು ತಿಳಿಸದು. ನಮ್ಮ ಕನ್ನಡದಲ್ಲಿ “ಆಗಲಿ” ಎಂದರೆ ಹಿರಿಯರು ಮನಸ್ಸಿಟ್ಟು ಕೊಟ್ಟ ಒಪ್ಪಿಗೆ. “ಹೂಂ” ಎಂದರೆ ಆಪ್ತರೊಳಗಿನ ಒಪ್ಪಿಗೆ. “ಅಪ್ಪಣೆ” ಎಂದರೆ ಸೇವೆಗೆ ನಿಂತವರದು. “ಆಯಿತು, ಆಯಿತು” ಎಂದು ಎರಡು ಸಲ ಹೇಳಿದರೆ ಒಪ್ಪಿಲ್ಲವೆಂದೇ ಅರ್ಥ! ಓ. ಕೆ. ಇವೆಲ್ಲವನ್ನೂ ಒಂದೇ ಬಣ್ಣಕ್ಕೆ ತಂದುಬಿಡುತ್ತದೆ. ಜ್ವರದಿಂದ ಎದ್ದು ವಸತಿಗೃಹಕ್ಕೆ ಮರಳಿದ ಹುಡುಗಿಯನ್ನು “ಹೇಗಿದ್ದೀ ಮಗಳೇ?” ಎಂದು ಕೇಳಿದರೆ “ಓ. ಕೆ. ಟೀಚರೇ” ಎನ್ನುತ್ತಾಳೆ. ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. “ರಾತ್ರಿ ಗಂಜಿ ಉಂಡೆಯಾ? ತಾಯಿಗೆ ಕಾಗದ ಹಾಕಿದೆಯಾ?” ಎಂದು ಕನ್ನಡದಲ್ಲಿ ಇನ್ನೆರಡು ಪ್ರಶ್ನೆಗಳನ್ನು ಕೇಳಿದ ಮೇಲೆ, ಕಣ್ಣು ತುಂಬಿಕೊಂಡು ನಿಜವನ್ನು ಹೇಳಿದವರು ಹಲವರಿದ್ದಾರೆ. ಆದುದರಿಂದ ಉತ್ತರಪತ್ರಿಕೆಯಲ್ಲಿಯೂ ಅರ್ಜಿಯಲ್ಲಿಯೂ ಈ ಮಾತನ್ನು ನಾವು ಮುಂದೆಯೂ ಹೊಡೆದುಹಾಕುವೆವು. ಆಟದ ಬಯಲಿನಲ್ಲಿ ಹುಡುಗಿಯರು ಹೇಗಾದರೂ ಕೂಗಿಕೊಳ್ಳಲಿ. ನಾವು ಕೇಳಿಸದವರಂತೆ ಇರುವೆವು.

ಈ ವರ್ಷ ಜೂನ್ ತಿಂಗಳಲ್ಲಿ 9ನೆಯ ತರಗತಿಯಲ್ಲಿ ಅದೇ ಪ್ರಶ್ನೆಯು ಮತ್ತೆ ಬಂದಿತು. ಈ ಸಲ ನಾವು ಬಾಸ್ಟನ್ನಿನ ಸಂಗತಿಯನ್ನೂ, ಜ್ಯಾಕ್ಸನರ ಬಾಲ್ಯವನ್ನೂ, ಚಾಕ್ಟಾ ಜನರ ಪ್ರಯಾಣವನ್ನೂ ಹೇಳಿದೆವು. ನಾವು ಹಿಂದೆ ಹೇಳಿದ್ದ ಸುಳ್ಳನ್ನೂ ಹೇಳಿದೆವು. ಆ ಹಳೆಯ ಶಿಷ್ಯೆಗೂ ಒಂದು ಕಾಗದ ಬರೆದು, ಅಂದು ತರಗತಿಯು ನಗುವಂತೆ ಮಾಡಿದುದು ನಮ್ಮ ತಪ್ಪೆಂದು ತಿಳಿಸಿದೆವು. ಆಕೆ ಈಗ ಘಟ್ಟದ ಮೇಲಿನ ಒಂದು ಹಳ್ಳಿಯಲ್ಲಿ ಅಂಗನವಾಡಿಯನ್ನು ನಡೆಸುತ್ತಾಳೆ. ತನಗೆ ಆ ಕಥೆಯು ನೆನಪಿಲ್ಲವೆಂದೂ, ಕೆಂಪು ಶಾಯಿ ಮಾತ್ರ ನೆನಪಿದೆಯೆಂದೂ ಉತ್ತರ ಬರೆದಳು. ಕಾಗದದಲ್ಲಿ “ಯಲ್ಲರಿಗೂ” ಎಂದು ಒಂದು ಕಡೆ ಇದ್ದಿತು. ನಾವು ಲೇಖನಿಯನ್ನು ಕೆಳಗಿಟ್ಟು ಓದಿದೆವು.

9ನೆಯ ತರಗತಿಯವರಿಗೆ ಎಲ್ಲಕ್ಕಿಂತ ಹಿಡಿಸಿದುದು ನಾವು ಕರಿಹಲಗೆಯ ಮೇಲೆ ಬರೆದು ತೋರಿಸಿದ “ಯ. ಶ.” ಮಾರನೆಯ ದಿನದಿಂದ ಬೆಂಚಿನಿಂದ ಬೆಂಚಿಗೆ ಹೋಗುವ ಚೀಟಿಗಳಲ್ಲಿಯೂ, ಊಟದ ಕೋಣೆಯಲ್ಲಿಯೂ, ಒಮ್ಮೆ ಗಣಿತದ ಉತ್ತರದ ಕೆಳಗೂ ಅದು ಕಾಣಿಸಿಕೊಂಡಿತು. ಗಣಿತದ ಅಧ್ಯಾಪಿಕೆಯವರು ಇದೇನು ಹೊಸ ರೋಗವೆಂದು ನಮ್ಮ ಕೋಣೆಗೆ ಬಂದರು. ಹತ್ತು ಹನ್ನೆರಡು ದಿವಸ ಹೀಗೆ ನಡೆಯಿತು. ದಸರೆಯ ರಜೆ ಮುಗಿಸಿ ಹುಡುಗಿಯರು ಮರಳಿ ಬಂದಾಗ ಒಬ್ಬರ ಬಾಯಲ್ಲಿಯೂ ಅದು ಇರಲಿಲ್ಲ.